ಒಂದು ಬಾಗಿಲಲ್ಲಿ ವಜಾ, ಇನ್ನೊಂದರಲ್ಲಿ ನೇಮಕ: ‘ಸ್ಟಾರ್’ ಮಾರಾಟಗಾರರ ಬೇಟೆ ಗುರಿ ತಪ್ಪುವುದೆಲ್ಲಿ?

ಮನುಷ್ಯರ ಕೆಲಸವನ್ನು ತಾನೇ ಮಾಡಿ ಮುಗಿಸುವ ತಂತ್ರಾಂಶವನ್ನು ಕಂಪನಿಯೊಂದು ತಯಾರಿಸುತ್ತದೆ. ಅದನ್ನು ಮಾರಲು ಮತ್ತೆ ಸಾವಿರಾರು ಮನುಷ್ಯರನ್ನೇ ಕರೆಯುತ್ತದೆ. ಉದ್ಯಮಗಳಿಗೆ ತಂತ್ರಾಂಶ ಮಾರುವ ಅಮೆರಿಕದ ಸೇಲ್ಸ್‌ಫೋರ್ಸ್ ಕಂಪನಿಯ ಕುರಿತ ಸುದ್ದಿಗಳನ್ನು ಓದಿದವರಿಗೆ ತಲೆ ತಿರುಗಿದ್ದರೆ ಅದು ಅವರ ತಪ್ಪಲ್ಲ. ಇಂಥ ತಂತ್ರಾಂಶಗಳಾದ ತನ್ನ ಎಐ ಏಜೆಂಟ್‌ಗಳನ್ನು ಮಾರಲು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವುದಾಗಿ 2024ರ ನವೆಂಬರ್‌ನಲ್ಲಿ ಆ ಕಂಪನಿ ಹೇಳಿತು. ಮರುತಿಂಗಳಲ್ಲೇ ಆ ಸಂಖ್ಯೆ 2,000ಕ್ಕೆ ಏರಿತು. 2025ರ ಫೆಬ್ರುವರಿಯಲ್ಲಿ ಅದೇ ಕಂಪನಿ ಸಾವಿರಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತಗೊಳಿಸುತ್ತಿದೆ ಎಂಬ ವರದಿ ಬಂತು. ಗ್ರಾಹಕ ಬೆಂಬಲ ವಿಭಾಗದ ಸಿಬ್ಬಂದಿ 9,000ದಿಂದ ಸುಮಾರು 5,000ಕ್ಕೆ ಇಳಿದಿದೆ ಎಂದು ಸೆಪ್ಟೆಂಬರ್‌ನಲ್ಲಿ ಅದರ ಮುಖ್ಯಸ್ಥ ಮಾರ್ಕ್ ಬೆನಿಯಾಫ್ ತಾವೇ ಹೇಳಿದರು. ಮೈಕ್ರೊಸಾಫ್ಟ್ 2025ರ ಜುಲೈನಲ್ಲಿ ಸುಮಾರು 9,000 ಜನರನ್ನು ಮನೆಗೆ ಕಳುಹಿಸುವುದಾಗಿ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಮಾರಾಟ ವಿಭಾಗದವರೂ ಇದ್ದರು.

ಹಾಗಾದರೆ ಮಾರಾಟಗಾರರು ಬೇಕೋ ಬೇಡವೋ? ಒಂದೆಡೆ ಅನುಭವಿಗಳು ಕೆಲಸ ಕಳೆದುಕೊಂಡು ಕುಳಿತಿದ್ದಾರೆ, ಇನ್ನೊಂದೆಡೆ ‘ಒಳ್ಳೆಯ ಮಾರಾಟಗಾರರು ಸಿಗುತ್ತಿಲ್ಲ’ ಎಂದು ಕಂಪನಿಗಳು ಗೋಳಾಡುತ್ತಿವೆ. ಎರಡೂ ನಿಜವಾಗಿರುವುದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ, ಕಂಪನಿಗಳು ಹುಡುಕುತ್ತಿರುವ ‘ಸ್ಟಾರ್’ ಎಂಬ ಜೀವಿಯ ಬಗ್ಗೆಯೇ ಕೆಲವು ಅನುಮಾನಗಳು ಏಳುತ್ತವೆ.

ಮಾರಾಟ ಎಂಬುದು ಒಂದೇ ಕೆಲಸವಲ್ಲ

ಗೊಂದಲದ ಮೂಲ ‘ಮಾರಾಟ’ ಎಂಬ ಪದದಲ್ಲೇ ಇದೆ. ಗಿರಾಕಿಗೆ ಏನು ಬೇಕೆಂದು ಗೊತ್ತಿದೆ, ಬೆಲೆ ಗೊತ್ತಿದೆ, ಹಿಂದೆಯೂ ಕೊಂಡಿದ್ದಾನೆ ಎಂದಾದರೆ ಅಲ್ಲಿ ಮಾರಾಟಗಾರ ಮಾಡುವುದು ಆರ್ಡರ್ ಬರೆದುಕೊಳ್ಳುವ ಕೆಲಸ. ವೆಬ್‌ಸೈಟ್ ಅದನ್ನು ಎಂದೋ ಕಿತ್ತುಕೊಂಡಿತು. ಸಂಭಾವ್ಯ ಗಿರಾಕಿಗಳ ಪಟ್ಟಿ ಮಾಡುವುದು, ಮೊದಲ ಇಮೇಲ್ ಕಳುಹಿಸುವುದು, ಮರುನೆನಪು ಮಾಡುವುದು, ಭೇಟಿಯ ಸಮಯ ಗೊತ್ತುಪಡಿಸುವುದು ಇವೆಲ್ಲ ಈಗ ತಂತ್ರಾಂಶದ ಪಾಲಾಗುತ್ತಿವೆ.

ಹೊಸದಾದ, ದುಬಾರಿಯಾದ, ಫಲ ಇಂಥದ್ದೇ ಎಂದು ಖಚಿತವಿಲ್ಲದ ವಸ್ತುವಿನ ಕಥೆ ಬೇರೆ. ಅದನ್ನು ಕೊಳ್ಳುವ ಸಂಸ್ಥೆಯಲ್ಲಿ ತೀರ್ಮಾನ ಒಬ್ಬರದ್ದಲ್ಲ. ಬಳಸುವವರು ಒಪ್ಪಬೇಕು, ಹಣಕಾಸು ವಿಭಾಗ ಒಪ್ಪಬೇಕು, ಕಾನೂನು ವಿಭಾಗ ಕರಾರನ್ನು ಓದಬೇಕು, ಭದ್ರತಾ ವಿಭಾಗ ತಕರಾರು ತೆಗೆಯಬೇಕು. ಇವರೆಲ್ಲರ ಮನಸ್ಸಿನಲ್ಲೂ ಇರುವ ನಿಜವಾದ ಪ್ರಶ್ನೆ ‘ಇದು ಕೈಕೊಟ್ಟರೆ ತಪ್ಪು ಯಾರ ತಲೆಗೆ?’ ಎಂಬುದು. ಆ ಭಯವನ್ನು ಇಳಿಸುವ ಕೆಲಸಕ್ಕೆ ಇನ್ನೂ ಮನುಷ್ಯರೇ ಬೇಕು. ಹಾಗಾಗಿ ಎಐ ಬಂದಂತೆ ಮಾರಾಟದ ಕೆಳಗಿನ ಮೆಟ್ಟಿಲುಗಳು ಕರಗುತ್ತವೆ, ಮೇಲಿನ ಮೆಟ್ಟಿಲಿಗೆ ಬೇಡಿಕೆ ಏರುತ್ತದೆ. ವಜಾ ಮತ್ತು ನೇಮಕ ಎರಡೂ ಒಂದೇ ಬದಲಾವಣೆಯ ಎರಡು ತುದಿಗಳು.

ಮೇಲಿನ ಮೆಟ್ಟಿಲಿನಲ್ಲಿ ನಿಂತವರು ಕಡಿಮೆ. ಎಲ್ಲ ಕಂಪನಿಗಳ ಕಣ್ಣೂ ಅದೇ ಕೆಲವರ ಮೇಲೆ. ಅವರನ್ನು ಗುರುತಿಸಲು ಬಳಸುವ ಅಳತೆಗೋಲು ಮಾತ್ರ ಹಳೆಯದು: ‘ಕಳೆದ ವರ್ಷ ಟಾರ್ಗೆಟ್‌ನ ಶೇಕಡಾ ಎಷ್ಟು ಮುಟ್ಟಿದಿರಿ?’

ಆ ಅಂಕಿ ಯಾರದ್ದು?

ಒಬ್ಬ ಮಾರಾಟಗಾರ ಟಾರ್ಗೆಟ್‌ನ ಒಂದೂವರೆ ಪಟ್ಟು ಮಾರಿದ ಎಂದರೆ ಅದರಲ್ಲಿ ಅವನ ಪಾಲೆಷ್ಟು? ಅವನಿಗೆ ಕೊಟ್ಟ ಟೆರಿಟರಿ, ಅಂದರೆ ಅವನ ಪಾಲಿಗೆ ಹಂಚಿದ ಮಾರಾಟದ ಪ್ರದೇಶ, ಮೊದಲೇ ಹದವಾದ ಹೊಲವಾಗಿದ್ದಿರಬಹುದು. ಹಿಂದಿನವನು ಎರಡು ವರ್ಷ ಓಡಾಡಿ ಮಾಗಿಸಿದ ಗಿರಾಕಿ ಇವನ ಕಾಲದಲ್ಲಿ ಸಹಿ ಹಾಕಿರಬಹುದು. ಪ್ರತಿಸ್ಪರ್ಧಿಯ ಸರಕು ಆ ವರ್ಷ ಕೆಟ್ಟು ಹೆಸರು ಹಾಳುಮಾಡಿಕೊಂಡಿರಬಹುದು. ಬ್ರ್ಯಾಂಡ್‌ನ ಹೆಸರು ಕೇಳಿಯೇ ಬಾಗಿಲು ತೆರೆದಿರಬಹುದು. ಟಾರ್ಗೆಟ್ಟೇ ಕಡಿಮೆ ಇಟ್ಟಿದ್ದಿರಬಹುದು. ಹಿಂದೆ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸುವ ತಂಡ, ಕರಾರನ್ನು ಬೇಗ ತೀರಿಸುವ ಕಾನೂನು ವಿಭಾಗ, ರಿಯಾಯಿತಿಗೆ ತಕ್ಷಣ ಒಪ್ಪಿಗೆ ಕೊಡುವ ಮ್ಯಾನೇಜರ್ ಇದ್ದಿರಬಹುದು. ಹೂವಿನ ಜೊತೆ ನಾರೂ ದೇವರ ಮುಡಿಗೇರುತ್ತದೆ. ರೆಸ್ಯೂಮೆಯಲ್ಲಿ ಯಾವುದು ಹೂವು, ಯಾವುದು ನಾರು ಎಂದು ಬರೆದಿರುವುದಿಲ್ಲ.

ಅದೃಷ್ಟದ ಪಾಲನ್ನು ಒಂದು ಸರಳ ಲೆಕ್ಕದಿಂದ ಕಾಣಬಹುದು. ನೂರು ಮಾರಾಟಗಾರರಿದ್ದಾರೆ, ಎಲ್ಲರ ಸಾಮರ್ಥ್ಯವೂ ಒಂದೇ, ಟಾರ್ಗೆಟ್ ಮುಟ್ಟುವುದು ನಾಣ್ಯ ಚಿಮ್ಮಿದಂತೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಐವತ್ತು ಮಂದಿ ಮುಟ್ಟುತ್ತಾರೆ. ಎರಡನೆಯ ವರ್ಷವೂ ಮುಟ್ಟುವವರು ಇಪ್ಪತ್ತೈದು. ಮೂರನೆಯ ವರ್ಷಕ್ಕೆ ಹನ್ನೆರಡೋ ಹದಿಮೂರೋ ಮಂದಿ ‘ಸತತ ಮೂರು ವರ್ಷ ಟಾರ್ಗೆಟ್ ದಾಟಿದವರು’ ಎಂದು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಅವರಲ್ಲಿ ವಿಶೇಷ ಸಾಮರ್ಥ್ಯ ಏನೂ ಇಲ್ಲ ಎಂಬುದು ಈ ಲೆಕ್ಕದ ಷರತ್ತೇ ಆಗಿತ್ತು! ನಿಜಜೀವನದಲ್ಲಿ ಸಾಮರ್ಥ್ಯದ ವ್ಯತ್ಯಾಸ ಇದ್ದೇ ಇರುತ್ತದೆ, ನಿಜ. ಆದರೆ ತುತ್ತತುದಿಯಲ್ಲಿ ಕಾಣುವವರಲ್ಲಿ ಸಾಮರ್ಥ್ಯದ ಜೊತೆಗೆ ಅದೃಷ್ಟವೂ ಸೇರಿದವರೇ ಹೆಚ್ಚು. ಅದೃಷ್ಟ ಮರುವರ್ಷ ಜೊತೆಗೆ ಬರಬೇಕೆಂದಿಲ್ಲ. ಆಗ ಅಂಕಿ ಸರಾಸರಿಯ ಕಡೆಗೆ ಜಾರುತ್ತದೆ. ಹೊಸ ಕಂಪನಿ ಇದನ್ನು ‘ಬಂದ ಮೇಲೆ ಸೋಮಾರಿಯಾದ’ ಎಂದು ಓದಿಕೊಳ್ಳುತ್ತದೆ.

ಕಂಪನಿ ಬದಲಿಸಿದ ಸ್ಟಾರ್‌ಗಳ ಗತಿ ಏನಾಗುತ್ತದೆ ಎಂಬುದನ್ನು ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತು ಸಂಗಡಿಗರು ಪರಿಶೀಲಿಸಿದ್ದರು. ಅಮೆರಿಕದ 78 ಹೂಡಿಕೆ ಬ್ಯಾಂಕ್‌ಗಳಲ್ಲಿ 1988ರಿಂದ 1996ರವರೆಗೆ ಹೆಸರು ಮಾಡಿದ 1,052 ಷೇರು ವಿಶ್ಲೇಷಕರನ್ನು ಅವರು ಹಿಂಬಾಲಿಸಿದರು. ಬೇರೆಡೆಗೆ ಹೋದವರಲ್ಲಿ ಶೇ 46ರಷ್ಟು ಮಂದಿಯ ಸಾಧನೆ ಮರುವರ್ಷವೇ ಕುಸಿದಿತ್ತು. ಕುಸಿತದ ಸರಾಸರಿ ಸುಮಾರು ಶೇ 20. ಐದು ವರ್ಷ ಕಳೆದರೂ ಅದು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ತಮ್ಮ ತಂಡವನ್ನೂ ಜೊತೆಗೆ ಕರೆದುಕೊಂಡು ಹೋದವರು ಮಾತ್ರ ಹೆಚ್ಚು ಚೆನ್ನಾಗಿ ನಿಭಾಯಿಸಿದರು. ವಿಶ್ಲೇಷಕರು ಮಾರಾಟಗಾರರಲ್ಲ ಎಂದು ತಕರಾರು ತೆಗೆಯಬಹುದು. ಆದರೆ ತಮ್ಮ ಸಾಮರ್ಥ್ಯ ತಮ್ಮೊಳಗೇ ಇದೆ, ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು ಎಂದು ನಂಬುವುದರಲ್ಲಿ ಈ ಎರಡು ವೃತ್ತಿಗಳೂ ಅಣ್ಣತಮ್ಮಂದಿರು. ಹೊಸ ಕಂಪನಿ ಬೆಲೆ ಕೊಟ್ಟಿದ್ದು ಅಂಕಿಗೆ, ಕೈಗೆ ಬಂದಿದ್ದು ವ್ಯಕ್ತಿ ಮಾತ್ರ. ಅಂಕಿಯ ಉಳಿದ ಭಾಗ ಹಳೆಯ ಕಚೇರಿಯಲ್ಲೇ ಉಳಿಯಿತು.

ಸಂದರ್ಶನವೂ ಒಂದು ಮಾರಾಟವೇ

ಲೆಕ್ಕಿಗನನ್ನು ಸಂದರ್ಶಿಸುವಾಗ ಅವನ ಮಾತುಗಾರಿಕೆ ನಮ್ಮನ್ನು ಮರುಳು ಮಾಡುವ ಅಪಾಯ ಅಷ್ಟಾಗಿ ಇಲ್ಲ. ಮಾರಾಟಗಾರನ ಸಂದರ್ಶನದಲ್ಲಿ ಅದೇ ದೊಡ್ಡ ಅಪಾಯ. ಎದುರಿಗೆ ಕುಳಿತವನ ಕಸುಬೇ ಎದುರಿಗಿರುವವರನ್ನು ಒಪ್ಪಿಸುವುದು. ಮುಕ್ಕಾಲು ಗಂಟೆಯಲ್ಲಿ ಅವನು ಮಾರುವ ಸರಕು ಅವನೇ. ‘ನಮ್ಮನ್ನೇ ಒಪ್ಪಿಸಿದ, ಇನ್ನು ಗಿರಾಕಿಯನ್ನು ಒಪ್ಪಿಸದೆ ಇರುತ್ತಾನೆಯೇ?’ ಎಂದು ಸಂದರ್ಶಕರು ತಲೆದೂಗುತ್ತಾರೆ. ಮುಕ್ಕಾಲು ಗಂಟೆಯ ಮೋಡಿಗೂ ಒಂಬತ್ತು ತಿಂಗಳು ಎಳೆಯುವ ವ್ಯವಹಾರದಲ್ಲಿ ಬೇಕಾದ ತಾಳ್ಮೆಗೂ ಸಂಬಂಧ ಇರಲೇಬೇಕೆಂದಿಲ್ಲ.

ವಾಚಾಳಿಯೇ ಒಳ್ಳೆಯ ಮಾರಾಟಗಾರ ಎಂಬ ನಂಬಿಕೆಯನ್ನು ಮನಶ್ಶಾಸ್ತ್ರಜ್ಞ ಆ್ಯಡಂ ಗ್ರಾಂಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅಲುಗಾಡಿಸಿತು. ಕಾಲ್ ಸೆಂಟರ್‌ನಿಂದ ಕರೆ ಮಾಡಿ ಮಾರುವ 340 ಮಂದಿಯ ಮೂರು ತಿಂಗಳ ವಹಿವಾಟನ್ನು ಅವರು ಲೆಕ್ಕ ಹಾಕಿದರು. ತೀರಾ ಬಹಿರ್ಮುಖಿಗಳೂ ತೀರಾ ಅಂತರ್ಮುಖಿಗಳೂ ಹಿಂದೆ ಬಿದ್ದರು, ನಡುವಿನವರು ಮುಂದೆ ಹೋದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಾನೇ ಮಾತಾಡುತ್ತಿದ್ದರೆ ಗಿರಾಕಿಯ ಮಾತು ಕಿವಿಗೆ ಬೀಳುವುದಿಲ್ಲ. ಇದಕ್ಕೂ ಬಹಳ ಹಿಂದೆ, 1964ರಲ್ಲಿ, ಡೇವಿಡ್ ಮೇಯರ್ ಮತ್ತು ಹರ್ಬರ್ಟ್ ಗ್ರೀನ್‌ಬರ್ಗ್ ಮಾರಾಟಗಾರನಿಗೆ ಎರಡು ಗುಣ ಬೇಕು ಎಂದು ವಾದಿಸಿದ್ದರು: ಗಿರಾಕಿಯ ಮನಸ್ಸನ್ನು ಅವನ ಜಾಗದಲ್ಲಿ ನಿಂತು ಅರಿಯುವ ಶಕ್ತಿ, ಮತ್ತು ಹಣಕ್ಕಾಗಿ ಮಾತ್ರವಲ್ಲದೆ ತನ್ನ ತೃಪ್ತಿಗಾಗಿಯೇ ಗೆಲ್ಲಬೇಕೆಂಬ ಒಳಗಿನ ಒತ್ತಡ. ಮೊದಲನೆಯದು ಮಾತ್ರ ಇದ್ದರೆ ಗಿರಾಕಿಯ ಒಳ್ಳೆಯ ಸ್ನೇಹಿತನಾಗಬಹುದು, ಸಹಿ ಸಿಗದು. ಎರಡನೆಯದು ಮಾತ್ರ ಇದ್ದರೆ ಒಮ್ಮೆ ಸಹಿ ಸಿಗಬಹುದು, ಎರಡನೆಯ ಸಲ ಬಾಗಿಲು ತೆರೆಯದು.

ಇದನ್ನೆಲ್ಲ ಹೊರಗಿನಿಂದ ಪತ್ತೆ ಹಚ್ಚುವುದು ಹೇಗೆ? ಆಯ್ಕೆ ವಿಧಾನಗಳು ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಊಹಿಸುತ್ತವೆ ಎಂಬುದರ ಬಗ್ಗೆ ದಶಕಗಳ ಸಂಶೋಧನೆ ಇದೆ. ಊಹೆಗೂ ನಂತರದ ಸಾಧನೆಗೂ ಇರುವ ನಂಟನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಪೌಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನು ತಿದ್ದಿ ಕೊಟ್ಟ ಅಂದಾಜು ಹೀಗಿದೆ: ಎಲ್ಲರಿಗೂ ಅದೇ ಪ್ರಶ್ನೆ ಕೇಳಿ, ಮೊದಲೇ ನಿಗದಿಪಡಿಸಿದ ಮಾನದಂಡದಂತೆ ಅಂಕ ಕೊಡುವ ಸಂದರ್ಶನಕ್ಕೆ 0.42. ಬಾಯಿಗೆ ಬಂದ ಪ್ರಶ್ನೆ ಕೇಳುತ್ತಾ ಹರಟುವ ಸಂದರ್ಶನಕ್ಕೆ 0.19. ಎಷ್ಟು ವರ್ಷದ ಅನುಭವ ಎಂಬುದಕ್ಕೆ ಬರೀ 0.07. ಇವು ಎಲ್ಲ ಬಗೆಯ ಉದ್ಯೋಗಗಳಿಗೆ ಸೇರಿದ ಸರಾಸರಿ, ಮಾರಾಟಕ್ಕೆ ಮಾತ್ರ ಸೀಮಿತವಲ್ಲ. ಆದರೂ ‘ಹತ್ತು ವರ್ಷದ ಅನುಭವ ಕಡ್ಡಾಯ’ ಎಂದು ಜಾಹೀರಾತು ಕೊಟ್ಟು, ಬಂದವರ ಜೊತೆ ಒಂದು ಗಂಟೆ ಹರಟಿ ಆರಿಸುವ ಪದ್ಧತಿ ಎಷ್ಟು ಬಡವಾಗಿದೆ ಎಂದು ತೋರಿಸಲು ಈ ಮೂರು ಅಂಕಿಗಳು ಸಾಕು. 0.42 ಕೂಡ ಭವಿಷ್ಯವಾಣಿಯಲ್ಲ. ಅತ್ಯುತ್ತಮ ವಿಧಾನವೂ ಪದೇ ಪದೇ ತಪ್ಪುತ್ತದೆ ಎಂಬುದನ್ನೂ ಅದೇ ಅಂಕಿ ಹೇಳುತ್ತಿದೆ.

ಇದರ ಜೊತೆಗೆ ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವ ಪರೀಕ್ಷೆ ಇದೆ. ಮಾರಾಟದಲ್ಲಿ ಇದು ಅಣಕು ಭೇಟಿಯ ರೂಪದಲ್ಲಿ ನಡೆಯುತ್ತದೆ. ಸಂದರ್ಶಕ ಗಿರಾಕಿಯಾಗುತ್ತಾನೆ, ಅಭ್ಯರ್ಥಿ ಮಾರಲು ಬರುತ್ತಾನೆ. ಇಲ್ಲಿ ನೋಡಬೇಕಾದದ್ದು ಮೊದಲ ಸುತ್ತನ್ನಲ್ಲ. ಮೊದಲ ಸುತ್ತು ಮುಗಿದ ಮೇಲೆ ಎರಡು ತಪ್ಪುಗಳನ್ನು ಎತ್ತಿ ತೋರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿಸಬೇಕು. ತಿದ್ದಿಕೊಂಡವನು ಒಂದು ಬಗೆ, ಸಮಜಾಯಿಷಿ ಕೊಟ್ಟವನು ಇನ್ನೊಂದು ಬಗೆ. ಮುಖ್ಯವಾಗಿ ಎಷ್ಟು ಪ್ರಶ್ನೆ ಕೇಳಿದ, ಉತ್ತರ ಕೇಳಿದ ಮೇಲೆ ತನ್ನ ದಾರಿ ಬದಲಿಸಿದನೇ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಹಿಂದಿನ ಯಶಸ್ಸಿನ ಬಗ್ಗೆ ಕೇಳುವಾಗಲೂ ಮೊತ್ತಕ್ಕಿಂತ ಹಾದಿ ಮುಖ್ಯ. ಆ ಗಿರಾಕಿಯನ್ನು ಹುಡುಕಿದವರು ಯಾರು, ಒಪ್ಪದೆ ಇದ್ದವರು ಯಾರು, ಅವರನ್ನು ಎದುರಿಸಿದ್ದು ಹೇಗೆ, ಎಷ್ಟು ರಿಯಾಯಿತಿ ಕೊಟ್ಟಿರಿ, ಅದೇ ತಂಡದ ಉಳಿದವರು ಆ ವರ್ಷ ಎಷ್ಟು ಮಾರಿದರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಅನೇಕ ‘ಸ್ಟಾರ್’ಗಳನ್ನು ಭೂಮಿಗೆ ಇಳಿಸುತ್ತದೆ. ಇಡೀ ತಂಡವೇ ಒಂದೂವರೆ ಪಟ್ಟು ಮಾರಿದ್ದರೆ ಅದು ಸರಕಿನ ಗೆಲುವು.

ಎಐ ಈ ಆಟವನ್ನು ಇನ್ನಷ್ಟು ಜಟಿಲಗೊಳಿಸಿದೆ. ಅರ್ಜಿ, ರೆಸ್ಯೂಮೆ, ಪರಿಚಯ ಪತ್ರ ಎಲ್ಲವೂ ಈಗ ತಂತ್ರಾಂಶದ ಕೈಯಲ್ಲಿ ನುಣುಪಾಗಿ ಬರುವುದರಿಂದ ಬರವಣಿಗೆ ನೋಡಿ ಜರಡಿ ಹಿಡಿಯುವುದು ಅಸಾಧ್ಯವಾಗುತ್ತಿದೆ. ಜರಡಿಯನ್ನೂ ಯಂತ್ರಕ್ಕೆ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆಜಾನ್‌ನ ಹಳೆಯ ಪ್ರಯೋಗ ಉದಾಹರಣೆ. ಹಿಂದಿನ ಅರ್ಜಿಗಳಿಂದ ಕಲಿತ ಅದರ ಆಯ್ಕೆ ತಂತ್ರಾಂಶ ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು, ಕಂಪನಿ ಅದನ್ನು ಕೈಬಿಟ್ಟಿತು ಎಂದು 2018ರಲ್ಲಿ ವರದಿಯಾಯಿತು. ನಿನ್ನೆಯ ಸ್ಟಾರ್‌ಗಳಂತೆ ಕಾಣುವವರನ್ನೇ ನಾಳೆಯೂ ಆರಿಸುವುದು ಯಂತ್ರದ ಸ್ವಭಾವ.

ಹುಟ್ಟಿನಿಂದಲೋ, ತರಬೇತಿಯಿಂದಲೋ

ಈ ವಿಷಯದಲ್ಲಿ ಎರಡು ಪಂಥಗಳಿವೆ. ಮಾರಾಟದ ಕಲೆ ರಕ್ತದಲ್ಲೇ ಬರಬೇಕು, ಆದ್ದರಿಂದ ಹಣ ಸುರಿದು ಸಿದ್ಧ ಸ್ಟಾರ್‌ಗಳನ್ನು ತರಬೇಕು ಎಂಬುದು ಒಂದು. ತಕ್ಕಮಟ್ಟಿನ ಬುದ್ಧಿ ಮತ್ತು ಹಟ ಇರುವವರನ್ನು ತಂದು ಪಳಗಿಸಬೇಕು ಎಂಬುದು ಇನ್ನೊಂದು. ಎರಡನೆಯ ಪಂಥದ ಆದಿಪುರುಷ ಎಂದರೆ ಅಮೆರಿಕದ ಜಾನ್ ಎಚ್. ಪ್ಯಾಟರ್ಸನ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನು ಕಟ್ಟಿದ ಆತ, ಮಾರಾಟಗಾರ ಹೇಳಬೇಕಾದ ಮಾತುಗಳನ್ನು ಬರೆಸಿ ಬಾಯಿಪಾಠ ಮಾಡಿಸಿದ, ಟೆರಿಟರಿ ಹಂಚಿದ, ಕೋಟಾ ನಿಗದಿ ಮಾಡಿದ, ತರಬೇತಿ ಶಾಲೆ ತೆರೆದ. ಅಲ್ಲಿ ಪಳಗಿದ ಥಾಮಸ್ ವಾಟ್ಸನ್ ಮುಂದೆ ಐಬಿಎಂ ಅನ್ನು ಕಟ್ಟಿ ಬೆಳೆಸಿದ. ಇಂದಿನ ಮಾರಾಟ ವಿಭಾಗಗಳ ಶಬ್ದಕೋಶದ ಅರ್ಧ ಭಾಗ ಆ ಕಾರ್ಖಾನೆಯಿಂದಲೇ ಬಂದದ್ದು.

ಯಾವ ಪಂಥ ಸರಿ ಎಂಬುದು ಕಂಪನಿಯ ವಯಸ್ಸನ್ನು ಅವಲಂಬಿಸಿದೆ. ಹತ್ತು ಜನರ ಹೊಸ ಕಂಪನಿಗೆ ತರಬೇತಿ ಶಾಲೆ ತೆರೆಯುವ ಪುರುಸೊತ್ತಿಲ್ಲ. ಆದರೆ ದೊಡ್ಡ ಕಂಪನಿಯ ಸ್ಟಾರ್‌ನನ್ನು ತಂದರೆ ಅವನಿಗೂ ಅಲ್ಲಿ ಕೈಕಾಲು ಆಡುವುದಿಲ್ಲ. ಅವನು ರೂಢಿಸಿಕೊಂಡಿರುವುದು ಹೆಸರು ಕೇಳಿಯೇ ತೆರೆಯುವ ಬಾಗಿಲುಗಳನ್ನು, ಇಲ್ಲಿ ಹೆಸರೇ ಇಲ್ಲ. ಅಂಥಲ್ಲಿ ಯಾರೂ ಕೇಳದ ಸರಕನ್ನು ಯಾರಿಗೋ ಒಪ್ಪಿಸಿದ ಚರಿತ್ರೆ ಇರುವ ಅಪ್ರಸಿದ್ಧನೇ ಲೇಸು. ದೊಡ್ಡ ಕಂಪನಿಗಳು ಮಾತ್ರ ತರಬೇತಿಯ ಖರ್ಚನ್ನು ಉಳಿಸಿ, ಆ ಹಣವನ್ನೇ ಜಾಯಿನಿಂಗ್ ಬೋನಸ್ ಆಗಿ ಸುರಿಯುವುದಕ್ಕೆ ಒಪ್ಪುವಂಥ ಸಮರ್ಥನೆ ಸಿಗುವುದಿಲ್ಲ.

ಸಂಬಳದ ಸೂತ್ರವೇ ಮೊದಲ ಸಂದರ್ಶಕ

ನೇಮಕದ ಚರ್ಚೆಯಲ್ಲಿ ಬಹುತೇಕ ಮರೆತುಹೋಗುವ ಸಂಗತಿ ಇದು: ಯಾರು ಅರ್ಜಿ ಹಾಕುತ್ತಾರೆ ಎಂಬುದನ್ನು ಸಂಬಳದ ಸೂತ್ರ ಮೊದಲೇ ತೀರ್ಮಾನಿಸಿರುತ್ತದೆ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್, ಕಾರಿನ ಮುಂಗಾಜು ಅಳವಡಿಸುವ ಸೇಫ್‌ಲೈಟ್ ಎಂಬ ಅಮೆರಿಕದ ಕಂಪನಿಯನ್ನು ಅಭ್ಯಸಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಗಿಷ್ಟು ಎಂಬ ಕೂಲಿಯನ್ನು ಗಾಜಿಗಿಷ್ಟು ಎಂದು ಬದಲಿಸಿದಾಗ ತಲಾ ಉತ್ಪಾದನೆ ಶೇ 44ರಷ್ಟು ಹೆಚ್ಚಿತು. ಅದರಲ್ಲಿ ಅರ್ಧದಷ್ಟು ಮಾತ್ರ ಇದ್ದವರೇ ಹೆಚ್ಚು ದುಡಿದದ್ದರ ಫಲ. ಉಳಿದದ್ದರ ಬಹುಪಾಲು, ಚುರುಕಾದವರು ಬಂದು ಸೇರಿದ್ದರಿಂದ ಮತ್ತು ಉಳಿದುಕೊಂಡದ್ದರಿಂದ ಆದದ್ದು. ಮಾರಾಟದ ಕಮಿಷನ್ ಕೂಡ ಹೀಗೆಯೇ ಜರಡಿ ಹಿಡಿಯುತ್ತದೆ. ಕಮಿಷನ್‌ಗೆ ಮಿತಿ ಹಾಕಿದ ಕಂಪನಿಗೆ, ಮಿತಿಯನ್ನು ದಾಟಬಲ್ಲೆ ಎಂಬ ನಂಬಿಕೆ ಇರುವವನು ಬರುವುದಿಲ್ಲ.

ಆದರೆ ಈ ಜರಡಿಯಲ್ಲಿ ಚುರುಕಿನವರ ಜೊತೆಗೆ ಚಾಲಾಕಿಗಳೂ ಉಳಿಯುತ್ತಾರೆ. ಇಯಾನ್ ಲಾರ್ಕಿನ್ ಎಂಬ ಸಂಶೋಧಕರು ದೊಡ್ಡ ತಂತ್ರಾಂಶ ಕಂಪನಿಯೊಂದರ ವ್ಯವಹಾರಗಳನ್ನು ಪರಿಶೀಲಿಸಿ ತೋರಿಸಿದ್ದು ಇದನ್ನೇ. ಒಂದೇ ತ್ರೈಮಾಸಿಕದಲ್ಲಿ ಹೆಚ್ಚು ಮಾರಿದಷ್ಟೂ ಕಮಿಷನ್ ದರ ಏರುವ ಸೂತ್ರ ಅಲ್ಲಿತ್ತು. ಮಾರಾಟಗಾರರು ತಮಗೆ ಲಾಭವಾಗುವ ತ್ರೈಮಾಸಿಕಕ್ಕೆ ವ್ಯವಹಾರವನ್ನು ತಳ್ಳಲು ಗಿರಾಕಿಗೆ ರಿಯಾಯಿತಿಯ ಆಮಿಷ ತೋರಿಸಿದರು. ಇದರಿಂದ ಕಂಪನಿ ಶೇ 6ರಿಂದ 8ರಷ್ಟು ಆದಾಯವನ್ನು ಕಳೆದುಕೊಂಡಿತು. ಇನ್ನೂ ಮುಂದಕ್ಕೆ ಹೋದರೆ ವೆಲ್ಸ್ ಫಾರ್ಗೊ ಬ್ಯಾಂಕ್ ಸಿಗುತ್ತದೆ. ಅಸಾಧ್ಯ ಟಾರ್ಗೆಟ್‌ಗಳ ಒತ್ತಡದಲ್ಲಿ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಲಕ್ಷಾಂತರ ಖಾತೆ ತೆರೆದ ಸಂಗತಿ 2016ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಮಂದಿ ಅದಾಗಲೇ ಕೆಲಸ ಕಳೆದುಕೊಂಡಿದ್ದರು, 2020ರಲ್ಲಿ 300 ಕೋಟಿ ಡಾಲರ್ ಕೊಟ್ಟು ಬ್ಯಾಂಕ್ ಪ್ರಕರಣಗಳನ್ನು ಇತ್ಯರ್ಥ ಮಾಡಿಕೊಂಡಿತು. ಹೀಗೆ ಉಬ್ಬಿಸಿದ ಅಂಕಿಯನ್ನು ರೆಸ್ಯೂಮೆಯಲ್ಲಿ ಬರೆದರೆ, ಓದುವವರ ಕಣ್ಣಿಗೆ ಅದೂ ಸ್ಟಾರ್‌ನ ಸಾಧನೆಯಂತೆಯೇ ಕಾಣುತ್ತದೆ.

ಮುಂದೇನಾಗಬಹುದು?

ಬೇಟೆ ಜೋರಾದಂತೆ ಹಳೆಯ ಕಂಪನಿಗಳು ಬಾಗಿಲು ಹಾಕಿಕೊಳ್ಳಲು ನೋಡುತ್ತವೆ. ಬಿಟ್ಟುಹೋದ ಮೇಲೆ ಪ್ರತಿಸ್ಪರ್ಧಿಯ ಬಳಿ ದುಡಿಯಬಾರದು ಎಂಬ ಕರಾರುಗಳನ್ನು ಬಹುಮಟ್ಟಿಗೆ ನಿಷೇಧಿಸುವ ನಿಯಮವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಏಪ್ರಿಲ್‌ನಲ್ಲಿ ತಂದಿತು. ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದುಗೊಳಿಸಿತು, 2025ರ ಸೆಪ್ಟೆಂಬರ್‌ನಲ್ಲಿ ಆಯೋಗವೇ ಮೇಲ್ಮನವಿಯಿಂದ ಹಿಂದೆ ಸರಿಯಿತು. ಹಾಗಾಗಿ ಅಲ್ಲಿ ಈಗಲೂ ರಾಜ್ಯಕ್ಕೊಂದು ಕಾನೂನು. ‘ಬರುವಾಗ ನಿಮ್ಮ ಗಿರಾಕಿಗಳನ್ನೂ ತನ್ನಿ’ ಎಂದು ಸಂದರ್ಶನದಲ್ಲಿ ಸೂಚ್ಯವಾಗಿ ಕೇಳುವ ಕಂಪನಿ ವ್ಯಾಜ್ಯವನ್ನೂ ಜೊತೆಗೆ ತಂದುಕೊಳ್ಳುತ್ತದೆ. ಒಂದು ಕಡೆಯ ಪಟ್ಟಿಯನ್ನು ಹೊತ್ತು ತರುವವನು ಮುಂದೆ ಇಲ್ಲಿಯ ಪಟ್ಟಿಯನ್ನೂ ಹೊತ್ತು ಹೋಗುತ್ತಾನೆ ಎಂಬುದು ಬೇರೆ ಮಾತು.

ಕಂಪನಿಯ ಒಳಗೂ ಪರಿಣಾಮಗಳಿವೆ. ಹೊರಗಿನಿಂದ ದುಪ್ಪಟ್ಟು ಸಂಬಳಕ್ಕೆ ಬಂದವನನ್ನು ನೋಡಿ, ಇದುವರೆಗೆ ಸದ್ದಿಲ್ಲದೆ ಟಾರ್ಗೆಟ್ ಮುಟ್ಟುತ್ತಿದ್ದವರು ತಮ್ಮ ರೆಸ್ಯೂಮೆಯ ಧೂಳು ಕೊಡವುತ್ತಾರೆ. ಸ್ಟಾರ್‌ನನ್ನು ಹಿಡಿದಿಟ್ಟುಕೊಳ್ಳಲು ಮ್ಯಾನೇಜರ್ ಮಾಡಿದರೆ ಇನ್ನೊಂದು ತೊಡಕು. ಅಲನ್ ಬೆನ್ಸನ್, ಡೇನಿಯೆಲ್ ಲೀ ಮತ್ತು ಕೆಲ್ಲಿ ಶೂ 2019ರಲ್ಲಿ ಪ್ರಕಟಿಸಿದ ಅಧ್ಯಯನ ಅನೇಕ ಕಂಪನಿಗಳ ಮಾರಾಟ ವಿಭಾಗಗಳನ್ನು ಪರಿಶೀಲಿಸಿ, ಹೆಚ್ಚು ಮಾರಿದವರಿಗೇ ಬಡ್ತಿ ಸಿಗುತ್ತದೆ, ಆದರೆ ಬಡ್ತಿ ಪಡೆದವರಲ್ಲಿ ಹಿಂದೆ ಹೆಚ್ಚು ಮಾರಿದವರ ಕೈಕೆಳಗಿನ ತಂಡಗಳೇ ಹಿಂದೆ ಬೀಳುತ್ತವೆ ಎಂದು ಕಂಡುಕೊಂಡಿತು. ಒಳ್ಳೆಯ ಮಾರಾಟಗಾರ ಹೋದ, ಕೆಟ್ಟ ಮ್ಯಾನೇಜರ್ ಬಂದ.

ಎಲ್ಲಕ್ಕಿಂತ ಗಂಭೀರವಾದದ್ದು ಕೆಳಗಿನ ಮೆಟ್ಟಿಲಿನ ಪ್ರಶ್ನೆ. ಇಂದು ಮೇಲೆ ನಿಂತಿರುವವರು ಒಂದು ಕಾಲಕ್ಕೆ ಅಪರಿಚಿತರಿಗೆ ಫೋನ್ ಮಾಡಿ, ದಿನಕ್ಕೆ ಹತ್ತಾರು ಸಲ ‘ಬೇಡ’ ಎನ್ನಿಸಿಕೊಂಡು, ಯಾವ ‘ಬೇಡ’ದಲ್ಲಿ ‘ಇನ್ನೊಮ್ಮೆ ಹೇಳು’ ಅಡಗಿದೆ ಎಂದು ಕಲಿತವರು. ಆ ಕೆಲಸವನ್ನೇ ಈಗ ತಂತ್ರಾಂಶಕ್ಕೆ ಬಿಟ್ಟುಕೊಡಲಾಗುತ್ತಿದೆ. ವೆಚ್ಚ ಉಳಿಯುವುದು ಈ ವರ್ಷದ ಲೆಕ್ಕಪತ್ರದಲ್ಲೇ ಕಾಣುತ್ತದೆ. ಕಲಿಯುವ ಜಾಗ ಇಲ್ಲವಾದದ್ದು ಐದಾರು ವರ್ಷಗಳ ನಂತರ, ಮೇಲಿನ ಕುರ್ಚಿಗಳು ತೆರವಾದಾಗ ಕಾಣುತ್ತದೆ.

ಸದ್ಯಕ್ಕೆ ನೇಮಕವಾದವರ ಫಲಿತಾಂಶವೂ ತಡವಾಗಿಯೇ ಗೊತ್ತಾಗಲಿದೆ. ಹೊಸಬನಿಗೆ ಸರಕನ್ನು ಅರಿಯಲು ತಿಂಗಳುಗಳು ಬೇಕು, ದೊಡ್ಡ ಗಿರಾಕಿ ಸಹಿ ಹಾಕಲು ಇನ್ನಷ್ಟು ತಿಂಗಳು. ಆ ಅವಧಿ ಮುಗಿಯುವ ಮೊದಲೇ ತ್ರೈಮಾಸಿಕದ ಅಂಕಿ ಕೇಳುವ ಕಂಪನಿಗಳು, ಹಿಡಿದು ತಂದ ಸ್ಟಾರ್‌ಗಳನ್ನೇ ಮುಂದಿನ ವಜಾ ಪಟ್ಟಿಗೆ ಸೇರಿಸಿದ ಸುದ್ದಿ ಬಂದರೆ, ಅದನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅವರಿಗೆ ಯಾವ ಟೆರಿಟರಿ ಕೊಟ್ಟಿದ್ದರು ಎಂಬುದು.